ನಾಗಾಸಾಕಿಗೆ ಮೂರು ಮಾತ್ರೆ ಹೆಚ್ಚು

ದಾವಣಗೆರೆಯ ಹದಡಿ ರಸ್ತೆಯ ಅಂಗಡಿಗಳ ಬೋರ್ಡುಗಳಲ್ಲಿ ವಿಳಾಸ ಇಂಗ್ಲಿಷಿನಲ್ಲೂ ಇರುತ್ತದೆ. ಎಚ್, ಎ, ಡಿ, ಎ, ಡಿ, ಐ. ಆರೇ ಅಕ್ಷರ. ಕನ್ನಡ ಓದಲು ಬಾರದವರು ಇದನ್ನು ಎಷ್ಟು ಬಗೆಯಲ್ಲಿ ಓದಬಹುದು ಎಂದು ಲೆಕ್ಕ ಹಾಕಿ. ಮೊದಲ ಎ ಅಕಾರವೂ ಆಗಬಹುದು, ಆಕಾರವೂ ಆಗಬಹುದು. ಅದರ ಪಕ್ಕದ ಡಿ ದಕಾರವೋ ಡಕಾರವೋ ತಿಳಿಯದು. ಎರಡನೇ ಎ, ಎರಡನೇ ಡಿ, ಇವುಗಳದ್ದೂ ಅದೇ ಕತೆ. ಕೊನೆಯ ಐ ಹ್ರಸ್ವವೋ ದೀರ್ಘವೋ ಅದೂ ಗೊತ್ತಿಲ್ಲ. ಐದು ಕಡೆ ಎರಡೆರಡು ದಾರಿ ಎಂದರೆ ಒಟ್ಟು 32 ಓದು. ಹದದಿ, ಹಡದಿ, ಹಾದಡಿ, ಹಡಾಡಿ, ಹಾಡಾಡಿ, ಹೀಗೆ ಬೆಳೆಯುತ್ತದೆ ಪಟ್ಟಿ. ಅದರಲ್ಲಿ ಒಂದೇ ಒಂದು, ನಗರದ ದಕ್ಷಿಣಕ್ಕಿರುವ ಆ ಊರಿನ ಹೆಸರು.

ಪರಊರಿನವರ ಬಾಯಲ್ಲಿ ಸಾಮಾನ್ಯವಾಗಿ ಗೆಲ್ಲುವುದು ‘ಹಡಾಡಿ’. ಇಲ್ಲಿನ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಬೇರೆ ರಾಜ್ಯಗಳಿಂದ ಬಂದ ಹುಡುಗರು ‘ಹಡಾಡಿ ರೋಡ್’ ಎಂದು ಕೇಳಿದರೆ ಆಟೊದವರು ಮರುಮಾತಿಲ್ಲದೆ ಹತ್ತಿಸಿಕೊಳ್ಳುತ್ತಾರೆ. ಅರ್ಥವಾಯಿತಲ್ಲ, ಇನ್ನೇನು ತಕರಾರು ಎನ್ನಬಹುದು. ಅರ್ಥ ಮಾಡಿಕೊಂಡವರು ಊರಿನವರು. ಅವರ ಕಿವಿ ತಪ್ಪನ್ನು ಅಲ್ಲಿಂದಲ್ಲಿಗೇ ರಿಪೇರಿ ಮಾಡಿಬಿಟ್ಟಿತು. ಹೇಳುವವರೂ ಕೇಳುವವರೂ ಇಬ್ಬರೂ ಪರಊರಿನವರಾದಾಗ, ಅಥವಾ ಇಬ್ಬರಲ್ಲಿ ಒಬ್ಬರು ಯಂತ್ರವಾದಾಗ, ಆ ರಿಪೇರಿ ಮಾಡುವವರು ಯಾರೂ ಇರುವುದಿಲ್ಲ.

ಗಮನಿಸಬೇಕಾದ ಸಂಗತಿ ಎಂದರೆ, ಹಡಾಡಿ ಎಂದವರು ಎಣಿಕೆಯಲ್ಲಿ ತಪ್ಪಿಲ್ಲ. ಹ-ದ-ಡಿ ಮೂರು, ಹ-ಡಾ-ಡಿಯೂ ಮೂರು. ಹೊಸ ಹೆಸರೊಂದು ಎದುರಾದಾಗ ಇಂಗ್ಲಿಷ್ ಬಲ್ಲವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಸಿಲಬಲ್?’ ಎಂಬುದು. ಎಣಿಕೆ ಸರಿಬಿದ್ದರೆ ಅರ್ಧ ಕೆಲಸ ಮುಗಿಯಿತೆಂದೇ ಅವರ ನಂಬಿಕೆ. ಇಂಗ್ಲಿಷಿಗೆ ಅದು ಸರಿಯಿರಬಹುದು, ಏಕೆಂದರೆ ಆ ಭಾಷೆ ನಡೆಯುವುದು ಒತ್ತಿನ ಮೇಲೆ. ನಮ್ಮ ಭಾಷೆ ನಡೆಯುವುದು ಕಾಲದ ಅಳತೆಯ ಮೇಲೆ. ಆದ್ದರಿಂದ ಊರ ಹೆಸರು ಸರಿಯೋ ತಪ್ಪೋ ಎಂದು ನೋಡಲು, ಅದು ನಮ್ಮೂರಿರಲಿ ಜಪಾನಿನದ್ದಿರಲಿ, ಅಕ್ಷರದ ಎಣಿಕೆಗಿಂತ ಮಾತ್ರೆಯ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ವಾದ.

ಪ್ರೌಢಶಾಲೆಯಲ್ಲಿ ಎಲ್ಲರೂ ಪ್ರಸ್ತಾರ ಹಾಕಿದವರೇ. ಲಘುವಿನ ತಲೆಯ ಮೇಲೊಂದು ಬಟ್ಟಲಿನಂಥ ಗುರುತು, ಗುರುವಿನ ಮೇಲೊಂದು ಅಡ್ಡಗೆರೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಹ್ರಸ್ವವಾದರೂ ಮುಂದೆ ಒತ್ತಕ್ಷರ ಬಂದರೆ, ಪಕ್ಕದಲ್ಲಿ ಸೊನ್ನೆ ಇದ್ದರೆ, ಅರ್ಧ ವ್ಯಂಜನದಿಂದ ಮುಗಿದರೆ ಅದೂ ಎರಡು. ಪರೀಕ್ಷೆಯಲ್ಲಿ ಕೆಲವೇ ಅಂಕದ ಪ್ರಶ್ನೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಯಾರೂ ಅದರ ಗೋಜಿಗೆ ಹೋಗುವುದಿಲ್ಲ. ನಾಗವರ್ಮ ಹತ್ತನೇ ಶತಮಾನದಲ್ಲೇ ‘ಛಂದೋಂಬುಧಿ’ ಬರೆದು ಕೈಗಿತ್ತ ಈ ತಕ್ಕಡಿಯನ್ನು ನಾವು ಪದ್ಯ ತೂಗಲಿಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಊರುಗಳನ್ನು ಅದರಲ್ಲಿಟ್ಟು ನೋಡಿದರೆ ಕೆಲವು ಅನಿರೀಕ್ಷಿತ ಸಂಗತಿಗಳು ಹೊರಬೀಳುತ್ತವೆ.

ಹದಡಿ: ಮೂರೂ ಲಘು, ಅಂದರೆ ನ ಗಣ. ಹಡಾಡಿ: ಲಘು, ಗುರು, ಲಘು, ಅಂದರೆ ಜ ಗಣ. ಮೂರು ಮಾತ್ರೆಯ ಊರು ನಾಲ್ಕು ಮಾತ್ರೆಗೆ ಹಿಗ್ಗಿತು, ಸಾಲದ್ದಕ್ಕೆ ದಕಾರ ಕಳೆದುಕೊಂಡಿತು.

ಇನ್ನು ದಾವಣಗೆರೆ. ಇಂಗ್ಲಿಷಿನಲ್ಲಿ ಬರೆಯುವಾಗ ಜಿಲ್ಲಾಡಳಿತ ಎನ್ ಆದ ಮೇಲೆ ಒಂದು ಎ ಹಾಕುತ್ತದೆ, ವಿಶ್ವವಿದ್ಯಾಲಯ ಹಾಕುವುದಿಲ್ಲ. ಒಂದೇ ಊರಿಗೆ ಒಂದೇ ಊರಿನಲ್ಲಿ ಎರಡು ಕಾಗುಣಿತ. ಎ ಇಲ್ಲದ ರೂಪವನ್ನು ಓದಿದವರು ‘ದಾವಣ್ಗೆರೆ’ ಎನ್ನುತ್ತಾರೆ. ಐದಕ್ಷರದ ಊರು ನಾಲ್ಕಕ್ಷರಕ್ಕೆ ಇಳಿಯಿತು ಎಂದು ಭಾಷಾಭಿಮಾನಿಗಳು ಬೇಸರಪಡುತ್ತಾರೆ. ಪ್ರಸ್ತಾರ ಹಾಕಿ ನೋಡಿ. ದಾವಣಗೆರೆ: ಒಂದು ಗುರು, ನಾಲ್ಕು ಲಘು, ಆರು ಮಾತ್ರೆ. ದಾವಣ್ಗೆರೆ: ಎರಡು ಗುರು, ಎರಡು ಲಘು, ಅಲ್ಲೂ ಆರೇ ಮಾತ್ರೆ! ಣಕಾರದ ಅಕಾರ ಹೋದದ್ದರಿಂದ ಅದರ ಹಿಂದಿನ ವಕಾರ ಗುರುವಾಯಿತು; ಅಕ್ಷರ ಕಳೆದರೂ ಹೊತ್ತು ಕಳೆಯಲಿಲ್ಲ. ನಮ್ಮವರೇ ಅವಸರದಲ್ಲಿ ಮಾತಾಡುವಾಗ ದಾವಣ್ಗೆರೆ ಎನ್ನುವುದಕ್ಕೂ, ಅದು ನಮ್ಮ ಕಿವಿಗೆ ಕಿರಿಕಿರಿಯಾಗದಿರುವುದಕ್ಕೂ ಕಾರಣ ಇದೇ ಇರಬೇಕು. ವಿಶ್ವವಿದ್ಯಾಲಯ ಇರುವ ತೋಳಹುಣಸೆಯೂ ಹೀಗೆಯೇ. ತೋಳಹುಣಸೆ ಆರು ಮಾತ್ರೆ, ಬಾಯಿಮಾತಿನ ತೋಳಹುಣ್ಸೆಯೂ ಆರು.

ಹರಿಹರ ಇನ್ನೂ ಸ್ವಾರಸ್ಯಕರ. ಹೊಯ್ಸಳರ ದಂಡನಾಯಕ ಪೊಳಾಲ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಊರಿಗೆ ರೈಲ್ವೆಯವರ ಇಂಗ್ಲಿಷ್ ಬೋರ್ಡಿನಲ್ಲಿ ಕೊನೆಯ ಎ ಇಲ್ಲ. ಹಿಂದಿಯವರಂತೂ ‘ಹರಿಹರ್’ ಎಂದೇ ಕರೆಯುತ್ತಾರೆ, ಆ ಭಾಷೆಯಲ್ಲಿ ಪದದ ತುದಿಯ ಅಕಾರ ಉಳಿಯುವುದಿಲ್ಲ. ಹರಿಹರ ನಾಲ್ಕು ಲಘು, ನಾಲ್ಕು ಮಾತ್ರೆ. ಹರಿಹರ್ ಎರಡು ಲಘು, ಒಂದು ಗುರು, ಮತ್ತೆ ನಾಲ್ಕೇ. ‘ಕರ್ನಾಟಕ್’ ಕೂಡ ಅಷ್ಟೇ: ಕರ್ನಾಟಕ ಆರು, ಕರ್ನಾಟಕ್ ಆರು. ಇದೇ ಹೆಸರನ್ನು ಇಂಗ್ಲಿಷ್ ಮೀಡಿಯಂ ಬಾಯಿ ‘ಕರ್ನಾಟಕಾ’ ಮಾಡುತ್ತದೆ. ಅಲ್ಲಿ ಅಕ್ಷರ ನಾಲ್ಕೂ ಸರಿಯಾಗಿವೆ, ಮಾತ್ರೆ ಮಾತ್ರ ಏಳಕ್ಕೆ ಏರಿದೆ. ಕರ್ನಾಟಕ್ ಎಂದವರ ಮೇಲೆ ನಾವು ರೇಗುತ್ತೇವೆ, ಕರ್ನಾಟಕಾ ಎಂದವರನ್ನು ಸುಮ್ಮನೆ ಬಿಡುತ್ತೇವೆ. ಛಂದಸ್ಸಿನ ಕಣ್ಣಲ್ಲಿ ನೋಡಿದರೆ ತಾಳ ತಪ್ಪಿದವರು ಎರಡನೆಯವರು. ಹಾಗೆಂದು ಹರಿಹರ್ ಸರಿ ಎಂದು ನಾನು ಹೇಳುತ್ತಿಲ್ಲ. ಬಸ್ಸನ್ನೂ ಕಾರನ್ನೂ ಉಕಾರ ಸೇರಿಸಿಯೇ ಒಳಗೆ ಬಿಟ್ಟುಕೊಳ್ಳುವ ಭಾಷೆ ನಮ್ಮದು. ಅದರ ಪದದ ತುದಿಯ ಸ್ವರ ಕತ್ತರಿಸಿದರೆ ನೋವಾಗುವುದು ಸಹಜ. ಎರಡು ತಪ್ಪುಗಳ ಜಾತಿ ಬೇರೆ ಎಂಬುದಷ್ಟೇ ನಾನು ಹೇಳುವುದು.

2014ರ ನವೆಂಬರ್ 1ರಿಂದ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಅವುಗಳ ಹಳೆಯ ಇಂಗ್ಲಿಷ್ ರೂಪಗಳನ್ನು ತೂಗಿದರೆ ಬದಲಾವಣೆ ಬೇಕಿತ್ತು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಹುಬ್ಬಳ್ಳಿ ಐದು ಮಾತ್ರೆ, ಹುಬ್ಲಿ ಮೂರು. ಮೈಸೂರು ಐದು, ಮೈಸೋರ್ ನಾಲ್ಕು. ತುಮಕೂರು ಐದು, ತುಮ್ಕೂರ್ ನಾಲ್ಕು. ಇವು ಅಕ್ಷರವನ್ನೂ ಕಳೆದುಕೊಂಡು ಮಾತ್ರೆಯನ್ನೂ ಕಳೆದುಕೊಂಡಿದ್ದವು. ಬೆಂಗಳೂರಿನದ್ದು ಮಾತ್ರ ಬೇರೆ ಪಾಠ. ಕಾಗುಣಿತ ತಿದ್ದಿದ ಮೇಲೆ ಇಂಗ್ಲಿಷಿನವರು ಅದನ್ನು ‘ಬೆಂಗಾಲುರು’ ಎಂದು ಓದತೊಡಗಿದರು. ನಾಲ್ಕಕ್ಷರ ಇದೆ, ಆರು ಮಾತ್ರೆಯೂ ಇದೆ, ಹೆಸರು ಮಾತ್ರ ಊರಿನದ್ದಲ್ಲ. ಗುರು ಕೂರಬೇಕಾದದ್ದು ಮೂರನೇ ಮನೆಯಲ್ಲಿ, ಕೂತದ್ದು ಎರಡನೇ ಮನೆಯಲ್ಲಿ. ಆದ್ದರಿಂದ ಮೊತ್ತ ಸರಿಬಂದರೆ ಸಾಲದು, ಗುರು-ಲಘುಗಳ ಜಾಗವೂ ಸರಿಯಿರಬೇಕು. ಹನ್ನೆರಡರ ಪಟ್ಟಿಯಲ್ಲಿ ಇಲ್ಲದ ಹಾಸನವಂತೂ ಈಗಲೂ ಇಂಗ್ಲಿಷಿನಲ್ಲಿ ಎರಡು ಎಸ್ ಹೊತ್ತುಕೊಂಡು ತಿರುಗುತ್ತಿದೆ. ಓದಿದವರು ಅದು ಯಾರೋ ಹಸನ್ ಸಾಹೇಬರ ಹೆಸರಿನ ಊರೆಂದುಕೊಂಡರೆ ಅವರದೇನು ತಪ್ಪು?

ಇಷ್ಟು ಹೊತ್ತು ನಮ್ಮ ಊರುಗಳಿಗೆ ಪರರು ಮಾಡಿದ್ದನ್ನು ಎಣಿಸಿದೆವು. ಪರರ ಊರುಗಳಿಗೆ ನಾವೇನು ಮಾಡಿದ್ದೇವೆ? ಇದನ್ನು ನೋಡಲು ಜಪಾನಿಗಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಜಪಾನಿ ಭಾಷೆ ನಡೆಯುವುದೂ ಮಾತ್ರೆಯ ಮೇಲೆಯೇ. ಅವರ ಹೈಕುವಿನ ಐದು-ಏಳು-ಐದು ಎಂಬ ಲೆಕ್ಕ ಸಿಲಬಲ್‌ಗಳದ್ದಲ್ಲ. ಭಾಷಾಶಾಸ್ತ್ರದಲ್ಲಿ ಮೋರಾ ಎನ್ನುವ, ನಮ್ಮ ಮಾತ್ರೆಗೆ ಬಹಳ ಹತ್ತಿರದ ಅಳತೆಯದು. ದೀರ್ಘಕ್ಕೆ ಎರಡು, ಹ್ರಸ್ವಕ್ಕೆ ಒಂದು, ಥೇಟು ನಮ್ಮಂತೆಯೇ. ಆದ್ದರಿಂದ ಜಪಾನಿನ ಊರುಗಳನ್ನು ಲೋಕದಲ್ಲಿ ಯಾರಾದರೂ ಸರಿಯಾಗಿ ಬರೆಯಬಹುದಾದರೆ ಅದು ಕನ್ನಡಿಗರು ಬರೆಯಬಹುದಿತ್ತು. ಬರೆದದ್ದು ಹೇಗೆ ನೋಡಿ.

ಜಪಾನಿಯರ ಬಾಯಲ್ಲಿ ಅವರ ರಾಜಧಾನಿ ‘ತೋಕ್ಯೋ’. ಎರಡಕ್ಷರ, ನಾ‌ಲ್ಕು ಮಾತ್ರೆ. ನಾವು ಅದನ್ನು ಟೋಕಿಯೋ ಮಾಡಿ ಮೂರಕ್ಷರ, ಐದು ಮಾತ್ರೆಗೆ ಏರಿಸಿದೆವು. ಓಸಕ ಎಂಬಲ್ಲಿ ದೀರ್ಘ ಇರುವುದು ಮೊದಲ ಅಕ್ಷರಕ್ಕೆ ಮಾತ್ರ. ನಮ್ಮ ‘ಒಸಾಕಾ’ ಅಲ್ಲಿ ಹ್ರಸ್ವ ಮಾಡಿ, ಉಳಿದ ಎರಡೂ ಕಡೆ ಎಳೆಯುತ್ತದೆ. ಬೆಂಗಾಲುರುವಿಗೆ ನಕ್ಕವರು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು. ಹಿರೊಶಿಮ ನಾಲ್ಕು ಲಘುಗಳ ಊರು, ಥೇಟು ಹರಿಹರದ ಹಾಗೆ. ನಮ್ಮಲ್ಲಿ ‘ಹಿರೋಶಿಮಾ’ ಆರು ಮಾತ್ರೆ. ಎಲ್ಲಕ್ಕಿಂತ ಹೆಚ್ಚು ಹೊರೆ ಬಿದ್ದದ್ದು ನಗಸಕಿಯ ಮೇಲೆ. ಅದೂ ನಾಲ್ಕು ಲಘು, ನಾಲ್ಕೇ ಮಾತ್ರೆ. ನಾವು ‘ನಾಗಾಸಾಕಿ’ ಎಂದು ಏಳು ಮಾತ್ರೆ ಮಾಡಿದ್ದೇವೆ. ಅಕ್ಷರ ಎಣಿಸಿದರೆ ನಾಲ್ಕಕ್ಕೆ ನಾಲ್ಕು, ಎಲ್ಲ ಸರಿ. ಕ್ಯೋತೊ ಮಾತ್ರ ನಮ್ಮಲ್ಲಿ ಕ್ಯೋಟೊ ಆದರೂ ಮೂರು ಮಾತ್ರೆ ಉಳಿಸಿಕೊಂಡು ಪಾಸಾಗಿದೆ, ಅದೂ 1997ರ ಹವಾಮಾನ ಒಪ್ಪಂದದ ಪುಣ್ಯದಿಂದ ಎಲ್ಲರ ಬಾಯಿಗೂ ಬಂದಿದೆ.

ಕ್ಯೋಟೊದಲ್ಲಿ ಉಳಿದ ತಪ್ಪು ಟಕಾರದ್ದು. ಜಪಾನಿ ಭಾಷೆಯ ತಕಾರ ನಾಲಗೆಯನ್ನು ಹಲ್ಲಿಗೆ ತಾಗಿಸಿ ಹೇಳುವಂಥದ್ದು. ಇಟಲಿ, ಸ್ಪೇನ್, ಫ್ರಾನ್ಸ್, ರಷ್ಯಗಳ ತಕಾರ ದಕಾರಗಳೂ ಹಾಗೆಯೇ. ಇಂಗ್ಲಿಷರ ನಾಲಗೆ ಮಾತ್ರ ಹಲ್ಲಿನಿಂದ ಹಿಂದೆ ಸರಿದು ಮೇಲಿನ ವಸಡಿಗೆ ತಾಗುತ್ತದೆ. ನಮ್ಮ ಕಿವಿಗೆ ಅದು ಟ, ಡ ಎಂದು ಕೇಳಿಸುತ್ತದೆ. ಇಂಗ್ಲಿಷ್ ಪದಗಳಿಗೆ ಅದು ಸರಿಯಾದ ಏರ್ಪಾಡೇ. ಆದರೆ ರೋಮನ್ ಲಿಪಿಯಲ್ಲಿ ಎಲ್ಲೇ ಟಿ ಕಂಡರೂ ಟಕಾರ, ಡಿ ಕಂಡರೂ ಡಕಾರ ಎಂಬ ಅಭ್ಯಾಸ ನಮ್ಮ ಕೈಗೆ ಕೂತುಬಿಟ್ಟಿದೆ. ಸ್ಪೇನಿನವರ ಮದ್ರಿದ್ ನಮಗೆ ಮ್ಯಾಡ್ರಿಡ್. ಲೋಕದ ಊರುಗಳೆಲ್ಲ ಲಂಡನ್ನಿನ ಮೇಲೆ ಹಾದೇ ಕನ್ನಡಕ್ಕೆ ಬರುತ್ತವೆ, ಬರುವಾಗ ಅಲ್ಲಿಯ ಸುಂಕ ಕಟ್ಟಿಯೇ ಬರುತ್ತವೆ. ಹದಡಿಯ ದಕಾರವನ್ನು ಡಕಾರ ಮಾಡಿದ್ದೂ ಇದೇ ದಾರಿ.

ಪಕ್ಕದ ಕೇರಳದ ಊರುಗಳ ಹೆಸರೂ ಈ ಸುತ್ತುದಾರಿಯಲ್ಲೇ ಬರುತ್ತದೆ ಎಂಬುದು ನನಗೆ ತೀರ ವಿಚಿತ್ರವಾಗಿ ಕಾಣುತ್ತದೆ. ಮಲಯಾಳದ ಒಂದು ವಿಶೇಷ ಳಕಾರವನ್ನು ಇಂಗ್ಲಿಷಿನಲ್ಲಿ ಜೆಡ್-ಎಚ್ ಎಂದು ಬರೆಯುವ ರೂಢಿ. ಅದನ್ನು ನೋಡಿ ನಮ್ಮವರು ‘ಕೋಝಿಕ್ಕೋಡ್’, ‘ಆಲಪ್ಪುಝ’ ಎಂದು ಬರೆಯುತ್ತಾರೆ. ಝಕಾರಕ್ಕೂ ಆ ಧ್ವನಿಗೂ ಯಾವ ನಂಟೂ ಇಲ್ಲ. ಹಳಗನ್ನಡದಲ್ಲಿ ಅದೇ ಧ್ವನಿ ನಮಗೂ ಇತ್ತು, ಅದಕ್ಕೊಂದು ಅಕ್ಷರವೂ ಇತ್ತು. ಕಾಲಾಂತರದಲ್ಲಿ ಅದು ಳಕಾರದಲ್ಲಿ ಬೆರೆತುಹೋಯಿತು. ಅಂದಮೇಲೆ ಕೋಳಿಕ್ಕೋಡು ಎಂದರೆ ನಮ್ಮ ಭಾಷೆಯ ಚರಿತ್ರೆಗೇ ಒಪ್ಪುವ ರೂಪ. ಅದೂ ಬೇಡವೆಂದರೆ ನಮ್ಮ ಕರಾವಳಿಯವರು ಮೊದಲಿನಿಂದ ಕರೆಯುವ ಕಲ್ಲಿಕೋಟೆ ಇದೆ. ಎರಡನ್ನೂ ಬಿಟ್ಟು, ನೂರಾರು ವರ್ಷ ಒಡನಾಡಿದ ನೆರೆಯೂರಿನ ಹೆಸರನ್ನು ಮೂರನೆಯವರ ಲಿಪಿಯಲ್ಲಿ ನೋಡಿ ಊಹಿಸುವುದು ಎಂದರೆ ಕಿವಿ ಇದ್ದೂ ಕಣ್ಣಿನಿಂದ ಕೇಳಿದ ಹಾಗೆ.

ಕಿವಿಯಿಂದ ಬಂದ ಹೆಸರುಗಳು ನಮ್ಮಲ್ಲೇ ಇವೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳ ಸಂಸ್ಥೆ ಕನ್ನಡದಲ್ಲಿ ಬಾಸೆಲ್ ಮಿಶನ್ ಆಯಿತು. ಸ್ವಿಟ್ಜರ್‌ಲೆಂಡಿನ ಆ ಊರನ್ನು ಫ್ರೆಂಚರೂ ಅವರನ್ನು ಅನುಸರಿಸಿ ಹಿಂದಿನ ಇಂಗ್ಲಿಷರೂ ‘ಬಾಲ್’ ಎನ್ನುತ್ತಿದ್ದರು. ನಮಗೆ ಹೆಸರು ಹೇಳಿದವರು ಜರ್ಮನ್ ಮಾತಾಡುವವರು, ಎದುರಿಗೆ ನಿಂತು ಹೇಳಿದವರು. ಆದ್ದರಿಂದ ಬಾಕಾರದ ದೀರ್ಘವೂ ನಡುವಿನ ಸಕಾರವೂ ಹೆಚ್ಚೂಕಡಿಮೆ ಹಾಗೇ ಇಳಿದು ಬಂದವು. ತುರ್ಕಿಯ ಕತೆ ಇನ್ನೂ ಹಳೆಯದು. ನಮ್ಮ ಶಾಸನಗಳಿಗೇ ತುರುಷ್ಕ, ತುರುಕ ಎಂಬ ಮಾತು ಗೊತ್ತು. ತಕಾರ, ಉಕಾರ ಎರಡೂ ಸರಿಯಾಗಿದ್ದ ‘ತುರ್ಕಿ’ಯನ್ನು ಬಿಟ್ಟು ನಾವು ಇಂಗ್ಲಿಷಿನಿಂದ ‘ಟರ್ಕಿ’ಯನ್ನು ತಂದುಕೊಂಡೆವು. 2022ರ ಜೂನ್‌ನಲ್ಲಿ ಆ ದೇಶ ವಿಶ್ವಸಂಸ್ಥೆಯಲ್ಲಿ ತನ್ನ ಹೆಸರನ್ನು ‘ತುರ್ಕಿಯೆ’ ಎಂದು ತಿದ್ದಿಸಿಕೊಂಡಾಗ ನಾವು ಟರ್ಕಿಯಿಂದ ಹೊರಟು ಮತ್ತೆ ಹಳೆಯ ಜಾಗದ ಹತ್ತಿರಕ್ಕೇ ಬರಬೇಕಾಯಿತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಗಟ್ಟಿಯಾದದ್ದೇ. ಹೀಗೆ ಹೊರಟರೆ ಎಲ್ಲಿ ನಿಲ್ಲುವುದು? ಪ್ಯಾರಿಸ್ಸನ್ನು ‘ಪಾರಿ’ ಎನ್ನೋಣವೇ? ಮಾಸ್ಕೋವನ್ನು ‘ಮಸ್ಕ್ವಾ’ ಎನ್ನೋಣವೇ? ಬೀಜಿಂಗಿನ ಮೊದಲ ಅಕ್ಷರ ಚೀನೀಯರ ಬಾಯಲ್ಲಿ ನಮ್ಮ ಅಲ್ಪಪ್ರಾಣ ಪಕಾರಕ್ಕೇ ಹತ್ತಿರ. ‘ಪೇಯ್‌ಚಿಂಗ್’ ಎಂದು ಬರೆದರೆ ಓದುವವರಿಗೆ ಅದು ಯಾವ ಊರೆಂದೇ ಹೊಳೆಯದು. ನಾನು ಅದನ್ನು ಕೇಳುತ್ತಿಲ್ಲ. ಪರಊರಿಗೆ ತನ್ನದೇ ಹೆಸರಿಡುವುದು ಪ್ರತಿ ಭಾಷೆಯ ಹಕ್ಕು. ಸೋಲಾಪುರ ನಮಗೆ ಸೊಲ್ಲಾಪುರ, ಮದ್ರಾಸು ಮದರಾಸು. ಜರ್ಮನರು ತಮ್ಮ ದೇಶವನ್ನು ಜರ್ಮನಿ ಎನ್ನುವುದಿಲ್ಲ, ಜಪಾನಿಯರು ತಮ್ಮದನ್ನು ಜಪಾನ್ ಎನ್ನುವುದಿಲ್ಲ. ಅದರಿಂದ ಯಾರಿಗೂ ನಷ್ಟವಿಲ್ಲ. ನಾಗಾಸಾಕಿಯೂ 1945ರಿಂದ ಆ ರೂಪದಲ್ಲೇ ನಮ್ಮ ಪಾಠ, ಪದ್ಯ, ಭಾಷಣಗಳಲ್ಲಿ ಊರಿದೆ. ಅದು ಈಗ ಕನ್ನಡದ ಹೆಸರು, ಮೂರು ಮಾತ್ರೆ ಹೆಚ್ಚಿದ್ದರೂ ಇರಲಿ. ಊರಿದ್ದನ್ನು ಕೀಳಬಾರದು. ಟೀವಿಯಲ್ಲಿ ಕನ್ನಡ ವಾಕ್ಯದ ನಡುವೆ ಒಂದು ಫ್ರೆಂಚ್ ಹೆಸರು ಬಂದೊಡನೆ ಗಂಟಲು ಬದಲಿಸಿ, ಫ್ರಾನ್ಸಿನವರಂತೆಯೇ ರಕಾರ ಉರುಳಿಸುವವರನ್ನು ಕಂಡರೆ ನನಗೆ ಹಡಾಡಿ ಎನ್ನುವವರೇ ವಾಸಿ ಎನ್ನಿಸುತ್ತದೆ.

ಅತಿ ಶುದ್ಧಿಗೆ ಇನ್ನೊಂದು ಅಪಾಯವಿದೆ. ಸ್ಪೇನಿನ ಭಾಷೆ ಸ್ವಲ್ಪ ಕಲಿತವರು ಬಾರ್ಸೆಲೋನವನ್ನು ಸಕಾರ ಬಿಟ್ಟು ಥಕಾರದಂಥ ಧ್ವನಿಯಲ್ಲಿ ಹೇಳಿ ಉಳಿದವರನ್ನು ತಿದ್ದುತ್ತಾರೆ. ಆ ಊರಿನ ಸ್ವಂತ ಭಾಷೆ ಕತಲಾನ್. ಅದರಲ್ಲಿ ಅದು ಸಕಾರವೇ. ಊರಿನವರಂತೆ ಹೇಳಬೇಕು ಎಂದರೆ ಯಾವ ಊರಿನವರಂತೆ ಎಂಬ ಪ್ರಶ್ನೆ ಕಾಸರಗೋಡಿನ ಕನ್ನಡಿಗರಿಗೆ ಹೊಸದಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಆ ನೆಲದಲ್ಲಿ ಮಂಜೇಶ್ವರವೂ ಉಂಟು, ಮಂಜೇಶ್ವರಂ ಕೂಡ ಉಂಟು. ಅಲ್ಲಿಯ ಊರುಗಳ ಕನ್ನಡ, ತುಳು ಹೆಸರುಗಳನ್ನು ಮಲಯಾಳಕ್ಕೆ ಒಗ್ಗಿಸುತ್ತಾರೆ ಎಂಬ ಸುದ್ದಿ 2021ರ ಜೂನ್‌ನಲ್ಲಿ ಗದ್ದಲ ಎಬ್ಬಿಸಿತು. ಅಂಥ ಯೋಚನೆ ಇಲ್ಲವೆಂದು ಕೇರಳ ಸರ್ಕಾರ ಹೇಳಿತು. ಮಲಯಾಳಿಗಳು ಮಲಯಾಳದಲ್ಲಿ ಮಂಜೇಶ್ವರಂ ಎನ್ನುವುದರಲ್ಲಿ ತಪ್ಪೇನೂ ನನಗೆ ಕಾಣದು, ನಾವು ಸೊಲ್ಲಾಪುರ ಎನ್ನುವುದಿಲ್ಲವೇ? ಬೋರ್ಡಿನ ಮೇಲೆ ಒಂದೇ ರೂಪ ಉಳಿದು ಇನ್ನೊಂದು ಅಳಿಸಿಹೋದಾಗ ಮಾತ್ರ ಜಗಳ ನ್ಯಾಯದ್ದಾಗುತ್ತದೆ.

ಹಾಗಾದರೆ ನಾನು ಕೇಳುತ್ತಿರುವುದು ಸಣ್ಣದು. ನಾಳೆ ಹೊಸದಾಗಿ ಬರುವ ಹೆಸರಿನ ಹ್ರಸ್ವ ಹ್ರಸ್ವವಾಗಿರಲಿ, ದೀರ್ಘ ದೀರ್ಘವಾಗಿರಲಿ, ತಕಾರ ತಕಾರವಾಗಿರಲಿ. ಇಷ್ಟು ಮಾಡಲು ಯಾರ ಗಂಟಲನ್ನೂ ಬದಲಿಸಬೇಕಿಲ್ಲ, ನಮ್ಮ ವರ್ಣಮಾಲೆಯಲ್ಲಿ ಇರುವುದನ್ನೇ ಬಳಸಿದರೆ ಸಾಕು. ನಮ್ಮಲ್ಲಿ ಇಲ್ಲದ ಧ್ವನಿಗಳಿಗೆ ಹತ್ತಿರದ್ದೊಂದನ್ನು ಹಿಡಿದುಕೊಂಡರಾಯಿತು.

ಹೊಸ ಹೆಸರು ಹೇಗೆ ಬರುತ್ತದೆ ಎಂಬುದನ್ನು ಈ ಸೀಮೆ 2022ರಲ್ಲಿ ಕಂಡಿದೆ. ಉಕ್ರೇನಿನಲ್ಲಿ ಯುದ್ಧ ಶುರುವಾದ ಆ ಫೆಬ್ರುವರಿಯ ಕೊನೆಯಲ್ಲಿ ಕೀವ್, ಖಾರ್ಕಿವ್ ಎಂಬ ಹೆಸರುಗಳು ಒಮ್ಮೆಗೇ ಮನೆಮನೆಗೆ ಬಂದವು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ ವೈದ್ಯಕೀಯ ವಿದ್ಯಾರ್ಥಿ ಹರಿಹರದ ಆಚೆಗಿನ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವರು. ಅವರ ದೇಹ ಊರು ತಲುಪಿದ್ದು ಮಾರ್ಚ್ 21ಕ್ಕೆ. ಹೆತ್ತವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ಒಪ್ಪಿಸಿದರು. ಆ ದಿನಗಳಲ್ಲಿ ಎರಡೂ ಕಡೆಯ ಹೆಸರುಗಳು ಒಂದೇ ಸುದ್ದಿಯಲ್ಲಿ ಓಡಾಡಿದವು. ಚಳಗೇರಿಯ ಳಕಾರ ರೋಮನ್ ಲಿಪಿಯಲ್ಲಿ ಉಳಿಯುವುದಿಲ್ಲ, ಅದನ್ನು ನೋಡಿ ಓದುವವರಿಗೆ ಅದು ಚಲಗೇರಿ. ಖಾರ್ಕಿವ್ ಎಂಬಲ್ಲಿ ಉಕ್ರೇನಿಯರ ಮೊದಲ ವ್ಯಂಜನ ನಮ್ಮ ಖಕಾರವೂ ಅಲ್ಲ, ಹಕಾರವೂ ಅಲ್ಲ. ಖಕಾರ ಹಿಡಿದುಕೊಂಡದ್ದು ಒಪ್ಪುವಂಥ ರಾಜಿ. ಕೀವ್ ಮಾತ್ರ ರಾಜಿಯಲ್ಲ, ಅವಸರ. ಉಕ್ರೇನಿಯನ್ ಭಾಷೆಯಲ್ಲಿ ಆ ಹೆಸರಿಗೆ ಎರಡಕ್ಷರ, ‘ಕಿಯಿವ್’ ಎಂದರೆ ಹತ್ತಿರ ಬರುತ್ತದೆ. ರಷ್ಯನ್ ರೂಪ ಬಿಟ್ಟು ತಮ್ಮ ರೂಪ ಬಳಸಿ ಎಂದು ಉಕ್ರೇನ್ ಸರ್ಕಾರ 2018ರಿಂದ ಲೋಕದ ಪತ್ರಿಕೆಗಳನ್ನು ಕೇಳುತ್ತಲೇ ಇತ್ತು. ಇಂಗ್ಲಿಷ್ ಪತ್ರಿಕೆಗಳು ಕಾಗುಣಿತ ಬದಲಿಸಿದವು, ಇಂಗ್ಲಿಷಿನ ಎಷ್ಟೋ ಬಾಯಿಗಳು ಅದನ್ನು ಒಂದೇ ಅಕ್ಷರಕ್ಕೆ ಇಳಿಸಿದವು. ನಾವು ಆ ಬಾಯಿಗಳನ್ನು ಕೇಳಿ ಬರೆದುಕೊಂಡೆವು. ನಮ್ಮ ಭಾಷೆಯಲ್ಲಿ ಕೀವು ಎಂದರೇನೆಂದು ಬೇರೆ ಹೇಳಬೇಕಿಲ್ಲ. ವಿಪರ್ಯಾಸವೆಂದರೆ, ಆ ಊರುಗಳಲ್ಲಿ ವರ್ಷಗಟ್ಟಲೆ ಇದ್ದು ಅಲ್ಲಿಯವರ ಜತೆ ವ್ಯವಹರಿಸಿದ ಕನ್ನಡದ ಹುಡುಗ ಹುಡುಗಿಯರು ಅದೇ ವಾರ ವಿಮಾನ ಇಳಿದು ನಮ್ಮ ವರದಿಗಾರರ ಮೈಕಿನ ಮುಂದೆ ನಿಂತಿದ್ದರು. ಹೆಸರನ್ನು ಕಿವಿಯಿಂದ ಪಡೆಯಲು ಅದಕ್ಕಿಂತ ಹತ್ತಿರದ ದಾರಿ ಇರಲಿಲ್ಲ.

ಬೇರೆಯವರು ಇದಕ್ಕೆ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಬಿಬಿಸಿ 1926ರಲ್ಲೇ ಉಚ್ಚಾರಣೆಗೆಂದು ಒಂದು ಸಲಹಾ ಸಮಿತಿ ಮಾಡಿತು, ಬರ್ನಾರ್ಡ್ ಷಾ ಅದರಲ್ಲಿದ್ದರು. ಭೌಗೋಳಿಕ ಹೆಸರುಗಳಿಗೆಂದೇ ವಿಶ್ವಸಂಸ್ಥೆ 1967ರಲ್ಲಿ ಜಿನೀವಾದಲ್ಲಿ ಸಮ್ಮೇಳನ ನಡೆಸಿತು. ಆದರೆ ಅದರ ಮುಖ್ಯ ಕಾಳಜಿಗಳಲ್ಲೊಂದು ರೋಮನ್ ಲಿಪಿಯಲ್ಲಿ ಒಂದೇ ಕಾಗುಣಿತ ಇರಲಿ ಎಂಬುದು. ಕಾಗುಣಿತ ಒಂದೇ ಆದ ಮಾತ್ರಕ್ಕೆ ಓದು ಒಂದೇ ಆಗುವುದಿಲ್ಲ. ಚುಕ್ಕಿ, ಗೆರೆಗಳನ್ನು ಸೇರಿಸಿ ಭಾರತೀಯ ಲಿಪಿಗಳನ್ನು ರೋಮನ್‌ಗೆ ಇಳಿಸುವ 2001ರ ಐಎಸ್‌ಒ 15919 ಪದ್ಧತಿಯಲ್ಲಾದರೆ ಹದಡಿಯ ಎರಡನೇ ಡಿ ಕೆಳಗೆ ಒಂದು ಚುಕ್ಕಿ ಬಿದ್ದು ಗೊಂದಲ ಪರಿಹಾರವಾಗುತ್ತದೆ. ಅಂಗಡಿ ಬೋರ್ಡಿನ ಪೇಂಟರ್ ಆ ಚುಕ್ಕಿ ಇಡುತ್ತಾರೆಂದು ನಾನಂತೂ ನಂಬಿಲ್ಲ. ಇಡಬೇಕಾದ ಅಗತ್ಯವೂ ಇಲ್ಲ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿ ಇಪ್ಪತ್ತು ವರ್ಷದ ಮೇಲಾಯಿತು; ನಮ್ಮ ಕಂದಾಯ ಗ್ರಾಮಗಳ ಹೆಸರು ಅಲ್ಲಿ ಕನ್ನಡ ಲಿಪಿಯಲ್ಲೇ ಇದೆ. ದಾರಿ ಹೇಳುವ ಫೋನು ರೋಮನ್ ಅಕ್ಷರ ನೋಡಿ ಊಹಿಸುವ ಬದಲು ಆ ಪಟ್ಟಿ ನೋಡಿ ಓದಬಹುದು. ಕನ್ನಡ ಲಿಪಿಯನ್ನು ಓದಿ ಹೇಳುವ ತಂತ್ರಾಂಶಗಳು ಈಗಾಗಲೇ ಇವೆ. ಕೇಳಬೇಕಾದವರು ಸರ್ಕಾರದವರು, ಕೇಳಿಸಿಕೊಳ್ಳಬೇಕಾದವರು ನಕ್ಷೆಯ ಕಂಪನಿಗಳು.

ಸುದ್ದಿಮನೆಗಳ ಮಾತು ಬೇರೆ. ಅಲ್ಲಿ ಹೊತ್ತಿಲ್ಲ ಎನ್ನುತ್ತಾರೆ, ನಿಜವೇ. ರಾತ್ರಿ ಹತ್ತಕ್ಕೆ ಇಂಗ್ಲಿಷಿನಲ್ಲಿ ಬಂದ ಸುದ್ದಿ ಹತ್ತೂವರೆಗೆ ಪುಟದಲ್ಲಿ ಕೂರಬೇಕು. 2011ರಲ್ಲಿ ಫುಕುಶಿಮ ಬಂದಾಗ ಹೀಗೇ ಆಯಿತು, ನಾಲ್ಕು ಲಘುಗಳ ಊರು ರಾತ್ರೋರಾತ್ರಿ ‘ಫುಕುಶಿಮಾ’ ಆಯಿತು. 2024ರ ಜನವರಿ 1ರಂದು ಜಪಾನಿನ ನೊತೊ ಪರ್ಯಾಯದ್ವೀಪದಲ್ಲಿ ಭೂಮಿ ನಡುಗಿತು. ಎರಡೇ ಲಘುಗಳ ಆ ಹೆಸರನ್ನು ರೋಮನ್ ಕಾಗುಣಿತ ನೋಡಿ ‘ನೋಟೊ’ ಎಂದು ಬರೆದುಬಿಡುವುದು ಎಷ್ಟು ಸುಲಭ! ದೊಡ್ಡ ಊರುಗಳಲ್ಲೆಲ್ಲ ಈಗ ಕನ್ನಡದ ಮನೆಗಳಿವೆ, ಒಂದು ಫೋನ್ ಕರೆಯಲ್ಲಿ ಮುಗಿಯುವ ಕೆಲಸ ಇದು. ಆದರೆ ಅದನ್ನು ಮೊದಲ ರಾತ್ರಿಯೇ ಮಾಡಬೇಕು. ಹತ್ತು ದಿನ ಕಳೆದರೆ ತಪ್ಪು ರೂಪವೇ ಓದುಗರ ಬಾಯಲ್ಲಿ ಊರಿರುತ್ತದೆ, ಊರಿದ್ದನ್ನು ಕೀಳಬಾರದು ಎಂದು ಮೇಲೆ ಬರೆದವನು ನಾನೇ.